ಕಾವಿ ಬಟ್ಟೆಗೆ ಇಲ್ಲದ ಶಕ್ತಿ

ಪೂಜ್ಯ ಗುರುಲಿಂಗಮ್ಮ ತಾಯಿಯವರಿಗೆ ಮಠವೆಂದು ಕಟ್ಟಿಸಿದ ಕಟ್ಟಡ ಯಾವುದೂ ಇರಲಿಲ್ಲ. ಹತ್ತಿಯ ವ್ಯಾಪಾರ ಬಿದ್ದುಹೋದ ಮೇಲೆ ಬೀಗ ಜಡಿದಿದ್ದ ಒಂದು ಗೋದಾಮನ್ನು ಅದರ ಮಾಲೀಕರು ತಾಯಿಯವರ ಪಾದಕ್ಕೆ ಒಪ್ಪಿಸಿದ್ದರು. ಒಳಗಿನ ಇಲಿಗಳನ್ನೂ ಜೊತೆಗೇ ಒಪ್ಪಿಸಿದರೆಂದು ಭಕ್ತರು ನಗುತ್ತಿದ್ದರು. ತಗಡಿನ ಚಾವಣಿ, ಗೋಡೆಯ ಬಿರುಕಿನಲ್ಲಿ ಸಿಕ್ಕಿಕೊಂಡ ಅರಳೆಯ ಎಳೆಗಳು, ಮೂಲೆಯಲ್ಲಿ ಚಾಪೆ ಮತ್ತು ತಂಬಿಗೆ. ಅಲ್ಲೇ ಪ್ರವಚನ, ಅಲ್ಲೇ ದಾಸೋಹ. ನಾನು ಸುತ್ತಿದ ಕ್ಷೇತ್ರಗಳು ಹಲವು; ಹೆಚ್ಚಿನ ಕಡೆ ದೇವರಿಗಿಂತ ಮೊದಲು ಕಣ್ಣಿಗೆ ಬಿದ್ದದ್ದು ಹುಂಡಿ. ಇಲ್ಲಿ ಮೊದಲು ಕಣ್ಣಿಗೆ ಬಿದ್ದವರು ಪುಂಡಿಪಲ್ಯದ ಸೊಪ್ಪು ಸೋಸುತ್ತ ಕುಳಿತಿದ್ದ ತಾಯಿಯವರೇ.

ದಾಸೋಹದ ಉಸ್ತುವಾರಿ ದಾನಮ್ಮನವರದು. ಭಕ್ತಿಯಲ್ಲಿ ಅವರನ್ನು ಮೀರಿಸುವವರು ಆ ಊರಲ್ಲಿರಲಿಲ್ಲ, ಸಂಶಯದಲ್ಲಿಯೂ ಇರಲಿಲ್ಲ. ಹಾಲಿನ ಕ್ಯಾನಿಗೆ ಬೆರಳದ್ದಿ ನೋಡುವರು. ಹರಕೆಯ ತೆಂಗಿನಕಾಯಿಯನ್ನೂ ಕಿವಿಯ ಬಳಿ ಅಲ್ಲಾಡಿಸಿಯೇ ಒಳಗೆ ತೆಗೆದುಕೊಳ್ಳುವರು. ಅವರ ಸಂಶಯ ತಾಯಿಯವರನ್ನೂ ಬಿಟ್ಟಿರಲಿಲ್ಲ. ತಾಯಿಯವರು ಆಗಾಗ ಯಾರನ್ನೂ ಕರೆಯದೆ ಒಬ್ಬರೇ ಬಸ್ಸು ಹತ್ತಿ ಜಿಲ್ಲಾ ಪಟ್ಟಣಕ್ಕೆ ಹೋಗಿ ಸಂಜೆಗೆ ಮರಳುತ್ತಿದ್ದರು. ಪೂರ್ವಾಶ್ರಮದ ಮಗಳು ಅಲ್ಲಿರಬೇಕು, ಕರುಳು ಎಳೆಯುತ್ತದೆ ಎಂದು ದಾನಮ್ಮನವರು ತೀರ್ಮಾನಿಸಿ, ಆ ತೀರ್ಮಾನವನ್ನು ಒಂದಿಬ್ಬರ ಕಿವಿಗೂ ಹಾಕಿದ್ದರು. ಈ ಮಾತನ್ನು ನನಗೆ ಹೇಳಿದವರು ಅವರೇ.

ತಾಯಿಯವರ ಹಳೆಯ ಕಾವಿ ಸೀರೆಗಳೆಂದರೆ ಭಕ್ತರಿಗೆ ಪ್ರಾಣ. ಚೂರು ಸಿಕ್ಕಿದರೆ ತೊಟ್ಟಿಲಿಗೆ ಕಟ್ಟುವರು. ಟ್ರ್ಯಾಕ್ಟರಿಗೆ ಕಟ್ಟಿ ವಿಮೆ ಕಟ್ಟದೆ ಉಳಿದವರೂ ಉಂಟು. ತಾಯಿಯವರಿಗೆ ಇದು ಹಿಡಿಸುತ್ತಿರಲಿಲ್ಲ. ಹರಿದ ಸೀರೆಗಳನ್ನು ಒಗೆದು ಹಿತ್ತಲ ಹಗ್ಗಕ್ಕೆ ಹಾಕಿಸಿ, ನೆಲ ಒರೆಸಲು ಬಳಸಿ ಎನ್ನುತ್ತಿದ್ದರು. ಒಂದು ಮಳೆಗಾಲದಲ್ಲಿ ಆ ಹಗ್ಗದಿಂದ ಬಟ್ಟೆಯ ತುಂಡುಗಳು ಮಾಯವಾಗತೊಡಗಿದವು. ಯಾರೋ ಮಾಟಕ್ಕೆ ಒಯ್ಯುತ್ತಿದ್ದಾರೆ ಎಂದರು ಕೆಲವರು. ಪಟ್ಟಣದಲ್ಲಿ ತಾಯತ ಮಾಡಿ ಮಾರುತ್ತಿದ್ದಾರೆ ಎಂದರು ಇನ್ನು ಕೆಲವರು.

ದಾನಮ್ಮನವರ ಕಣ್ಣು ಹುಲಿಗೆವ್ವನ ಮೇಲೆ ಬಿತ್ತು. ಜಿನ್ನಿಂಗ್ ಕಾರ್ಖಾನೆಯಲ್ಲಿ ಹತ್ತಿಯ ಹೊರೆ ಹೊರುವ ಹೆಣ್ಣುಮಗಳು, ಮಠಕ್ಕೆ ಹೊಸಬಳು. ಪ್ರವಚನಕ್ಕೆ ಎಲ್ಲರೂ ಕುಳಿತರೆ ಆಕೆ ಹಿತ್ತಲ ಬಾಗಿಲಿಗೆ ಒರಗಿ ನಿಲ್ಲುವಳು. ಕೂಡು ಎಂದರೆ, ಇರಲಿ ಬಿಡ್ರಿ, ನಿಂತೇ ಕೇಳ್ತೀನಿ ಎನ್ನುವಳು. ನಡುನಡುವೆ ಹೊರಗೆ ಹೋಗುವಳು, ಬಹಳ ಹೊತ್ತು ಬರಳು. ನಡೆಯುವಾಗಲೂ ಸೀರೆಯೊಳಗೆ ಏನನ್ನೋ ಬಚ್ಚಿಟ್ಟುಕೊಂಡವಳ ಹಾಗೆ ಕಾಲು ಅಗಲಿಸಿ, ಹುಷಾರಾಗಿ ಹೆಜ್ಜೆ ಇಡುವಳು. ಕಳ್ಳಿಗೆ ಇದಕ್ಕಿಂತ ಬೇರೆ ಲಕ್ಷಣ ಬೇಕೆ?

ಒಂದು ಮಧ್ಯಾಹ್ನ ದಾನಮ್ಮನವರು ನೀರಿನ ಟ್ಯಾಂಕಿನ ಹಿಂದೆ ಕಾದು ನಿಂತು, ಹುಲಿಗೆವ್ವ ಹಗ್ಗಕ್ಕೆ ಕೈ ಹಾಕುತ್ತಿದ್ದಂತೆ ಹಿಡಿದರು. ರಟ್ಟೆ ಬಿಡದೆ ಎಳೆತಂದು ತಾಯಿಯವರ ಮುಂದೆ ನಿಲ್ಲಿಸಿದರು. ರೊಟ್ಟಿ ಬಡಿಯುತ್ತಿದ್ದ ಹೆಂಗಸರು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನೆರೆದರು. ಇನ್ನೂ ಎಲ್ಲೆಲ್ಲಿ ಬಚ್ಚಿಟ್ಟಿದ್ದಾಳೋ, ಉಡಿ ಬಿಚ್ಚಿಸಿ ನೋಡಬೇಕೆಂದು ದಾನಮ್ಮನವರ ಹಟ. ಹುಲಿಗೆವ್ವ ಎರಡೂ ಕೈಯಿಂದ ಸೀರೆಯ ನೆರಿಗೆ ಅವುಚಿಕೊಂಡು, ಬೇಕಾದರೆ ಹೊಡೀರಿ, ಸೀರಿ ಮಾತ್ರ ಮುಟ್ಟಬ್ಯಾಡ್ರಿ ಎಂದು ಗೋಗರೆದಳು.

ತಾಯಿಯವರು ಸೊಪ್ಪಿನ ಮೊರವನ್ನು ಬದಿಗಿಟ್ಟರು. ಆಕೆ ನಿಂತಿದ್ದ ರೀತಿಯನ್ನು ಸ್ವಲ್ಪ ಹೊತ್ತು ನೋಡಿದರು. ದಾನಮ್ಮನವರೊಬ್ಬರನ್ನು ಉಳಿಸಿಕೊಂಡು, ಹೆಂಗಸರನ್ನು ಹೊರಗೆ ಕಳಿಸಿ ಬಾಗಿಲು ಹಾಕಿಸಿದರು. ಬಳಿಕ ಒಂದೇ ಮಾತು ಕೇಳಿದರು:

“ನಿಂತಾಗ ಇಳಿತೈತಿ, ಮಲಗಿದಾಗ ಒಳಗ ಹೋಗ್ತೈತಿ. ಹೌದಲ್ಲ ಮಗಳ?”

ಹುಲಿಗೆವ್ವ ನೆರಿಗೆ ಅವುಚಿದ್ದ ಕೈ ಸಡಿಲಿಸಿದಳು. ಅಳುವಿನ ನಡುವೆ ಆಕೆ ಹೇಳಿದ್ದು ಇಷ್ಟು. ಕೊನೆಯ ಹೆರಿಗೆಯ ಹಸಿ ಮೈ ಆರುವ ಮೊದಲೇ ಹೊರೆ ಹೊರಲು ಹೋಗಿದ್ದಳು. ಅಂದಿನಿಂದ ಕೆಳಗೆ ಭಾರ, ಸೊಂಟದಲ್ಲಿ ಜಗ್ಗಿದಂತೆ ನೋವು. ಬೆಳಿಗ್ಗೆ ಏನೂ ಇರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಚೆಂಡಿನಂಥದ್ದೊಂದು ಹೊರಗೆ ಇಳಿಯುತ್ತದೆ. ಅದನ್ನು ಬೆರಳಿನಿಂದ ಒಳಗೆ ತಳ್ಳದಿದ್ದರೆ ಮೂತ್ರ ಬಾರದು, ಕೆಮ್ಮಿದರೆ ತಡೆಯಲಾಗದು. ಹತ್ತಿರ ಬಂದ ಗಂಡನನ್ನು ದೂರ ಸರಿಸಿದಳು. ಆತ ಮೊದಲೇ ಸಂಶಯದವನು, ಬೇರೆ ಯಾವನೋ ಇದ್ದಾನೆಂದು ಹಟ ಹಿಡಿದ. ಈ ಅಮಾವಾಸ್ಯೆ ಕಳೆದರೆ ತವರಿಗೆ ಬಿಟ್ಟುಬರುವೆ, ಮಕ್ಕಳು ನನ್ನ ಹತ್ತಿರವೇ ಇರಲಿ ಎಂದಿದ್ದಾನೆ. ಹಳೆ ಬಟ್ಟೆ ಉಂಡೆ ಮಾಡಿ ಒಳಗಿಟ್ಟು ನೋಡಿದಳು, ನಿಲ್ಲಲಿಲ್ಲ. ತಾಯಿಯವರು ಉಟ್ಟ ಬಟ್ಟೆಯಾದರೆ ನಿಂತೀತು, ಅದರಲ್ಲಿ ಶಕ್ತಿ ಇದೆಯಲ್ಲ ಎಂದು ಕದ್ದಳು.

ದಾನಮ್ಮನವರು ಅಷ್ಟಕ್ಕೂ ಕರಗಲಿಲ್ಲ. ಸಿಕ್ಕಿಬಿದ್ದ ಮೇಲೆ ಎಲ್ಲರೂ ಕಥೆ ಕಟ್ಟುತ್ತಾರೆ ತಾಯಿ, ನಂಬಬೇಡಿ ಎಂದರು.

ತಾಯಿಯವರು ಹುಲಿಗೆವ್ವನ ತಲೆಯ ಮೇಲೆ ಕೈ ಇಟ್ಟರು.

“ನನ್ನ ಸೀರಿಗೆ ಆ ಶಕ್ತಿ ಇಲ್ಲವ್ವಾ. ಇದ್ದಿದ್ರ ನಾ ಯಾಕ ದವಾಖಾನಿಗೆ ಹೋಗಿ ರಿಂಗ್ ಹಾಕಿಸ್ಕೋತಿದ್ದೆ?”

ಬಸ್ಸು ಹತ್ತಿ ಹೋಗುತ್ತಿದ್ದದ್ದು ಇದಕ್ಕೆ. ಜಾರಿದ ಗರ್ಭಕೋಶವನ್ನು ಒಳಗೆ ಎತ್ತಿ ಹಿಡಿಯುವ, ಬಳೆಯಂಥ ಮೆತ್ತನೆಯ ರಿಂಗು. ಆಗಾಗ ಹೋಗಿ ಡಾಕ್ಟರಮ್ಮನಿಂದ ತೆಗೆಸಿ, ಪರೀಕ್ಷೆ ಮಾಡಿಸಿ, ತೊಳೆಸಿ ಮತ್ತೆ ಹಾಕಿಸಿಕೊಳ್ಳಬೇಕು. ದಾನಮ್ಮನವರಿಗೆ ತಾವು ಕಿವಿಗೆ ಹಾಕಿದ ಮಾತುಗಳೆಲ್ಲ ನೆನಪಾದವಂತೆ. ಆದರೂ ಸಂಶಯವೆಂಬುದು ಹಾಗೆಲ್ಲ ಮನೆ ಖಾಲಿ ಮಾಡುವ ಬಾಡಿಗೆದಾರನಲ್ಲ. ತಾಯಿಯವರ ವಿಷಯ ಇರಬಹುದು, ಈ ಹುಡುಗಿಯದು ಹೇಗೆ ನಂಬುವುದು?

ಹೊರಗೆ ಹೆಂಗಸರು ಬಾಗಿಲು ತಟ್ಟುತ್ತಿದ್ದರು. ಕಳ್ಳಿ ಒಪ್ಪಿಕೊಂಡಳೇನ್ರಿ ಎಂದು ಕೇಳುತ್ತಿದ್ದರು. ಹುಲಿಗೆವ್ವ ತಾಯಿಯವರ ಪಾದ ಹಿಡಿದು, ಹೇಳಬೇಡಿ, ಊರಿಗೆಲ್ಲ ಗೊತ್ತಾಗುತ್ತದೆ ಎಂದಳು. ತಾಯಿಯವರೇ ಎದ್ದು ಬಾಗಿಲು ತೆರೆದರು. ಕಳವಿನ ಮಾತು ಎತ್ತಲಿಲ್ಲ.

“ನಂದು ಗರ್ಭಚೀಲ ಜಾರೇತಿ,” ಎಂದರು. “ಹಡೆದ ಮೈ, ಹೊರೆ ಹೊತ್ತ ಮೈ ಇದು. ಪಾಪ ಅಲ್ಲ, ಶಾಪ ಅಲ್ಲ, ಜಡ್ಡು. ಇದಕ್ಕ ಔಷಧ ಐತಿ, ನಾನೂ ದವಾಖಾನ್ಯಾಗ ರಿಂಗ್ ಹಾಕಿಸ್ಕೊಂಡೀನಿ. ಇಂಥಾದ್ದು ಯಾರಿಗರ ಇದ್ರ ನಾಳಿ ದಾನಮ್ಮನ ಜೋಡಿ ಬಸ್ ಹತ್ರಿ.”

ವಿಭೂತಿ ಹಚ್ಚಿದವರ ಬಾಯಿಂದ ಇಂಥ ಮಾತು ಬರಬಹುದೆಂದು ಯಾರೂ ಎಣಿಸಿರಲಿಲ್ಲ. ಜಗಲಿಯ ಮೇಲಿದ್ದ ಹಿರಿಯರೊಬ್ಬರು ಗಂಟಲು ಸರಿಪಡಿಸಿಕೊಂಡು, ಚಪ್ಪಲಿ ಮೆಟ್ಟಿ, ಅವಸರದ ಕೆಲಸವಿದ್ದವರಂತೆ ಹೊರಟೇಹೋದರು. ಹೆಂಗಸರು ಒಬ್ಬರ ಮುಖ ಒಬ್ಬರು ಅನುಮಾನದಿಂದ ನೋಡಿಕೊಂಡರು: ಇವಳಿಗೂ ಇರಬಹುದೇ, ಅವಳಿಗೂ? ಕಟ್ಟಿಗೆ ಹೊರುತ್ತಿದ್ದ ಮುದುಕಿಯೊಬ್ಬಳು ಹಿಂದಿನಿಂದ, ಆ ರಿಂಗ್ ಹಾಕುವಾಗ ನೋಯ್ತೈತೇನ್ರಿ ತಾಯಿ, ಎಂದು ಕೇಳಿದಳು. ಕೇಳುತ್ತಿರುವುದು ನೆರೆಮನೆಯವಳ ಸಲುವಾಗಿ ಎಂದೂ ಸೇರಿಸಿದಳು. ತಾಯಿಯವರು ನಗಲಿಲ್ಲ. ಅಷ್ಟೇನೂ ಇಲ್ಲ, ನೆರೆಮನೆಯವಳಿಗೆ ಹೇಳು ಎಂದರು.

ಮರುದಿನ ಬಸ್ಸಿನಲ್ಲಿ ದಾನಮ್ಮನವರು ಹುಲಿಗೆವ್ವನ ಪಕ್ಕದಲ್ಲೇ ಕುಳಿತರು. ದಾರಿಯಲ್ಲಿ ಇಳಿದು ಓಡಿಹೋದರೆ ಎಂಬ ಎಚ್ಚರದಿಂದ. ಆಸ್ಪತ್ರೆಯಲ್ಲಿ ಹುಲಿಗೆವ್ವ ಒಬ್ಬಳೇ ಒಳಗೆ ಹೋಗಲು ಹೆದರಿ ಅವರ ಕೈ ಬಿಡಲಿಲ್ಲ. ಹಾಗಾಗಿ ಪರದೆಯ ಒಳಗೆ ಅವರೂ ನಿಲ್ಲಬೇಕಾಯಿತು. ಡಾಕ್ಟರಮ್ಮ ಇಕ್ಕಳದಲ್ಲಿ ಎಳೆದೆಳೆದು ತೆಗೆದು ಸ್ಟೀಲಿನ ಟ್ರೇಯಲ್ಲಿ ಹಾಕಿದ್ದನ್ನು ದಾನಮ್ಮನವರು ಕಣ್ಣಾರೆ ಕಂಡರು. ಕಾವಿ ಬಟ್ಟೆ. ತಾವು ಕಣ್ಣಿಗೊತ್ತಿಕೊಳ್ಳುತ್ತಿದ್ದ ಬಟ್ಟೆಯೇ, ಕೊಳೆತು ನಾರುತ್ತಿತ್ತು. ಒಳಗೆಲ್ಲ ಹುಣ್ಣಾಗಿತ್ತು.

ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ನಂಜು ಮೈಗೇರುತ್ತಿತ್ತು ಎಂದರು ಡಾಕ್ಟರಮ್ಮ. ಮೊದಲು ಔಷಧಿಯಿಂದ ಹುಣ್ಣು ಮಾಯಬೇಕು, ಆಮೇಲೆ ಅಳತೆ ನೋಡಿ ರಿಂಗು. ಅದರಿಂದ ಆಗದಿದ್ದರೆ ಆಪರೇಷನ್ ಇದೆ. ಮೂತ್ರ ತಡೆಹಿಡಿಯುವಾಗ ಬಿಗಿಯುವಂತೆ ಕೆಳಗಿನ ಸ್ನಾಯುಗಳನ್ನು ಬಿಗಿದು ಸಡಿಲಿಸುವ ವ್ಯಾಯಾಮವನ್ನು ದಿನವೂ ಮಾಡಬೇಕು. ಹೊರೆ ಹೊರಬಾರದು, ಮಲಬದ್ಧತೆಗೆ ಬಿಡಬಾರದು. ರಕ್ತ ಕಂಡರೆ, ದುರ್ವಾಸನೆ ಬಂದರೆ, ಮೂತ್ರ ಕಟ್ಟಿದರೆ ಕೂಡಲೇ ಬರಬೇಕು. ಇದೆಲ್ಲವನ್ನೂ ದಾನಮ್ಮನವರು ಎರಡೆರಡು ಸಲ ಕೇಳಿ ಮನದಟ್ಟು ಮಾಡಿಕೊಂಡರು. ಬರುವಾಗ ಬಸ್ಸಿನಲ್ಲಿ ಹುಲಿಗೆವ್ವನನ್ನು ಕಿಟಕಿಯ ಬದಿಗೆ ಕೂಡಿಸಿದರು.

ಮಾರನೆಯ ಬೆಳಿಗ್ಗೆ ಹುಲಿಗೆವ್ವನ ಗಂಡ ಯಮನೂರ ಆಕೆಯನ್ನು ಮುಂದೆ ಮಾಡಿಕೊಂಡು ಮಠಕ್ಕೆ ಬಂದ. ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುವ ಗಟ್ಟಿ ಆಳು. ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತ.

“ನನ್ನ ಹೇಣ್ತಿನ್ನ ಎಲ್ಲಿಗೆ ಒಯ್ದಿದ್ರಿ? ಯಾರನ್ನ ಭೆಟ್ಟಿ ಮಾಡಿಸಿದ್ರಿ?”

ಆ ದನಿ ದಾನಮ್ಮನವರಿಗೆ ಚೆನ್ನಾಗಿ ಪರಿಚಯವಿತ್ತು. ಎರಡು ದಿನದ ಕೆಳಗೆ ರಟ್ಟೆ ಹಿಡಿದು ಎಳೆತಂದಾಗ ತಮ್ಮ ಬಾಯಲ್ಲಿದ್ದ ದನಿ ಅದು. ತಾಯಿಯವರು ಒಳಗೆ ಸೊಪ್ಪು ಸೋಸುತ್ತಿದ್ದರು, ತಲೆ ಎತ್ತಲಿಲ್ಲ.

“ದವಾಖಾನಿಗೆ ಒಯ್ದಿದ್ದೆ ತಮ್ಮಾ,” ಎಂದರು ದಾನಮ್ಮನವರು. “ಜಡ್ಡು ಏನಂತ ಹೇಳೋದು ಅಕಿಗೆ ಬಿಟ್ಟದ್ದು. ಕುಂತು ಕೇಳು. ಮುಂದಿನ ವಾರ ನೀನೂ ಬಾ, ಡಾಕ್ಟರಮ್ಮನ ಬಾಯಿಂದನ ಕೇಳು.”

ಯಮನೂರ ಹೆಂಡತಿಯ ಕಡೆ ಒಮ್ಮೆ, ಇವರ ಕಡೆ ಒಮ್ಮೆ ನೋಡಿದ. ಅಕಿ ಹೇಳೋದು ಖರೆ ಅನ್ನೋದಕ್ಕ ಗ್ಯಾರಂಟಿ ಏನು ಎಂದ.

ಹಾಲಿನವನನ್ನು ನಂಬದ, ತೆಂಗಿನಕಾಯಿಯನ್ನು ನಂಬದ, ಗುರುವನ್ನೂ ಪೂರ್ತಿ ನಂಬದಿದ್ದ ದಾನಮ್ಮನವರು ಮೆಟ್ಟಿಲಿಳಿದು ಬಂದು ಹುಲಿಗೆವ್ವನ ಮಗ್ಗುಲಿಗೆ ನಿಂತರು.

“ಗ್ಯಾರಂಟಿ ನಾನು,” ಎಂದರು.