ಗೀಜಗದ ಗೂಡಿನ ಕೆಳಗೆ

"ಗುರುಗಳೇ, ಚಿಕ್ಕ ಮಕ್ಕಳನ್ನು ಬಯಲಿಗೆ ಕರೆದೊಯ್ದರೆ ಅವರು ಓಡುತ್ತಾರೆ, ಆಡುತ್ತಾರೆ, ಮಣ್ಣು ಮೆತ್ತಿಕೊಂಡು ಬರುತ್ತಾರೆ. ಅದರಲ್ಲಿ ಪಾಠ ಎಲ್ಲಿದೆ?" ಎಂದು ಶಿಷ್ಯ ಕೇಳಿದ. ಮಠದ ಮಕ್ಕಳಿಗೆ ಅಕ್ಷರ ಕಲಿಸುವ ಹೊಣೆ ಆ ವಾರವಷ್ಟೇ ಅವನ ಪಾಲಿಗೆ ಬಂದಿತ್ತು.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನಿಗೆ ನೀಲವ್ವ ಎಂಬ ಐದು ವರ್ಷದ ಮಗಳು. ಆ ಊರಿನ ಚಿಕ್ಕ ಮಕ್ಕಳಿಗೆ ಬಾಳವ್ವ ಎಂಬಾಕೆ ಪಾಠ ಹೇಳುತ್ತಿದ್ದಳು. ಶಾಲೆಗೆ ಕಟ್ಟಡವಿರಲಿಲ್ಲ. ಬೆಳಿಗ್ಗೆ ಮಕ್ಕಳನ್ನು ಕೆರೆಯ ದಂಡೆಗೆ ಕರೆದೊಯ್ಯುವಳು, ಊಟದ ಹೊತ್ತಿಗೆ ಮನೆಗೆ ಬಿಡುವಳು.

ಇವತ್ತು ಏನು ಕಲಿತೆ ಎಂದು ವ್ಯಾಪಾರಿ ದಿನವೂ ಮಗಳನ್ನು ಕೇಳುತ್ತಿದ್ದ. ಒಂದು ದಿನ ಅವಳು ಕಪ್ಪೆ ಎಂದಳು. ಮರುದಿನ ಕೆಸರು ಎಂದಳು. ಮೂರನೆಯ ದಿನ, "ಇನ್ನೂ ಗೊತ್ತಾಗಿಲ್ಲಪ್ಪ, ನಾಳೆ ಮತ್ತೆ ನೋಡಬೇಕು" ಎಂದಳು. ವ್ಯಾಪಾರಿಗೆ ಸಿಟ್ಟು ಬಂತು. ಪಕ್ಕದ ಊರಿನಲ್ಲಿ ಮಕ್ಕಳನ್ನು ಅಲುಗಾಡದಂತೆ ಕೂರಿಸಿ ಮಗ್ಗಿ ಬಾಯಿಪಾಠ ಮಾಡಿಸುವ ಮಾಸ್ತರರಿದ್ದರು. ಮಗಳನ್ನು ಅಲ್ಲಿಗೇ ಸೇರಿಸುವುದೆಂದು ನಿಶ್ಚಯಿಸಿ, ಮರುದಿನ ಅಂಗಡಿ ತೆರೆಯದೆ ಕೆರೆಗೆ ಹೋದ.

ದಂಡೆಯ ಜಾಲಿಮರದಲ್ಲಿ ಗೀಜಗವೊಂದು ಗೂಡು ಹೆಣೆಯುತ್ತಿತ್ತು. ನೀಲವ್ವ ಅದರ ಕೆಳಗೆ ಕುಳಿತು, ಒಂದು ಕಡ್ಡಿಗೆ ಹುಲ್ಲಿನ ಎಳೆ ಸುತ್ತಿ ಗಂಟು ಹಾಕುತ್ತಿದ್ದಳು. ಗಂಟು ಬಿಚ್ಚಿಕೊಳ್ಳುತ್ತಿತ್ತು. ತಲೆಯೆತ್ತಿ ಹಕ್ಕಿಯನ್ನು ನೋಡುವಳು, ಮತ್ತೆ ಹಾಕುವಳು.

"ನಾಳೆಯಿಂದ ಮಗಳನ್ನು ಕಳಿಸುವುದಿಲ್ಲ. ಕರೆದೊಯ್ಯಲು ಬಂದೆ" ಎಂದು ವ್ಯಾಪಾರಿ ಬಾಳವ್ವನಿಗೆ ಹೇಳಿದ.

ಬಾಳವ್ವನ ಮುಖ ಬಾಡಿತು. ಆದರೂ, "ನಿಮ್ಮ ಮಗಳು, ನಿಮ್ಮಿಷ್ಟ. ಆ ಗಂಟೊಂದು ನಿಲ್ಲಲಿ, ಆಮೇಲೆ ಕರೆದುಕೊಂಡು ಹೋಗಿ" ಎಂದಳು.

ಬೇಗ ಮುಗಿಯಲೆಂದು ವ್ಯಾಪಾರಿ ತಾನೇ ಒಂದು ಎಳೆ ಕಿತ್ತುಕೊಂಡ. ಮೂವತ್ತು ವರ್ಷ ಸೀರೆ, ಧೋತರ ಮಾರಿದವನಿಗೆ ಒಂದು ಗಂಟು ಯಾವ ಲೆಕ್ಕ ಎಂದುಕೊಂಡ. ಗಂಟು ಬಿಚ್ಚಿಕೊಂಡಿತು. ಇನ್ನೊಂದು ಎಳೆ ಕಿತ್ತ. ಅದೂ ಜಾರಿತು. ಧೋತರ ಎತ್ತಿ ಕಟ್ಟಿ ನೆಲದ ಮೇಲೆ ಕುಳಿತ.

ನೀಲವ್ವ ಅವನ ಬಳಿಗೆ ಸರಿದಳು. "ಹಾಗಲ್ಲಪ್ಪ. ಒಂದು ತುದಿ ಕಾಲಲ್ಲಿ ಒತ್ತಿ ಹಿಡಿ. ಹಕ್ಕಿ ಹಾಗೇ ಮಾಡುತ್ತದೆ, ನಾ ಈಗ ನೋಡಿದೆ."

ಅವನು ತಲೆಯೆತ್ತಿದ. ಹೌದು, ಹಕ್ಕಿ ಎಳೆಯ ಒಂದು ತುದಿಯನ್ನು ಕಾಲಿನಿಂದ ಒತ್ತಿ ಹಿಡಿದು, ಇನ್ನೊಂದನ್ನು ಕೊಕ್ಕಿನಿಂದ ಒಳಗೆ ತೂರಿಸುತ್ತಿತ್ತು. ಅವನು ಹುಟ್ಟಿ ಬೆಳೆದದ್ದು ಅದೇ ಊರಿನಲ್ಲಿ. ಒಮ್ಮೆಯೂ ಅದನ್ನು ಕಂಡಿರಲಿಲ್ಲ. ಚಪ್ಪಲಿ ಕಳಚಿ, ಎಳೆಯ ತುದಿಯನ್ನು ಕಾಲಿನ ಹೆಬ್ಬೆರಳಿನಡಿ ಒತ್ತಿಕೊಂಡ. ಅಪ್ಪ ಮಗಳು ಸೇರಿ ಹೆಣೆದರು. ಗಂಟು ನಿಂತಿತು. ಮಕ್ಕಳೆಲ್ಲ ಕೇಕೆ ಹಾಕಿದರು. ಎಲ್ಲರಿಗಿಂತ ಜೋರಾಗಿ ಕೂಗಿದವನು ವ್ಯಾಪಾರಿ.

ಮಧ್ಯಾಹ್ನ ಹೆಂಡತಿ ಹುಡುಕಿಕೊಂಡು ಬಂದಾಗ ಅವನ ಮೈತುಂಬ ಮಣ್ಣು. ಹಸಿವೆಂದು ಮಗಳು ಎದ್ದು ನಿಂತಿದ್ದಳು. ಅವನು ಏಳಲು ಒಪ್ಪಲಿಲ್ಲ. ಮರುದಿನವೂ ನೀಲವ್ವ ಬಾಳವ್ವನ ಕೈ ಹಿಡಿದು ಕೆರೆಗೇ ಹೋದಳು.

ಶಿಷ್ಯ ನಗುತ್ತಿದ್ದ. "ತಿಳಿಯಿತು ಗುರುಗಳೇ. ನಾಳೆ ನಾನೂ ಮಕ್ಕಳನ್ನು ಹೊರಗೆ ಕರೆದೊಯ್ದು, ಗೀಜಗ ಹೇಗೆ ಗೂಡು ಕಟ್ಟುತ್ತದೆಂದು ಎಲ್ಲವನ್ನೂ ವಿವರಿಸಿ ಹೇಳುತ್ತೇನೆ" ಎಂದ.

"ನೀನು ನೋಡಿದ್ದೀಯಾ?" ಎಂದರು ಗುರುಗಳು.