ಕೋಲಿನ ತುದಿಯಲ್ಲಿ ಕೂತ ಚಿಟ್ಟವ್ವ

ಲೋಕ ಇನ್ನೂ ಹೊಸದಾಗಿದ್ದ ಕಾಲ. ಎಷ್ಟು ಹೊಸದು ಅಂದರೆ, ಎಲ್ಲಿ ತಿರುಗಬೇಕು ಅನ್ನೋದು ಹೊಳೆಗೇ ಗೊತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳಿಕೊಂಡು ಹರಿಯುತ್ತಿತ್ತು. ಬಲೆ ಅನ್ನೋದು ಜೇಡನ ಹತ್ತಿರ ಮಾತ್ರ ಇತ್ತು. ಆ ಜಿಪುಣ ಅದನ್ನು ಮನುಷ್ಯರಿಗೆ ಇನ್ನೂ ಹೇಳಿಕೊಟ್ಟಿರಲಿಲ್ಲ.

ಆ ಕಾಲದಲ್ಲಿ ಏರೋಪ್ಲೇನ್ ಚಿಟ್ಟೆ ಎಲ್ಲೂ ಕೂರುತ್ತಿರಲಿಲ್ಲ. ಅದೇ, ಕಡ್ಡಿಯಂಥ ಬಾಲ, ಗಾಜಿನಂಥ ನಾಲ್ಕು ರೆಕ್ಕೆ, ತಲೆ ತುಂಬ ಕಣ್ಣು ಇರುತ್ತಲ್ಲ, ಅದು. ಏರೋಪ್ಲೇನೇ ಇಲ್ಲದಾಗ ಆ ಹೆಸರು ಎಲ್ಲಿಂದ ಬಂತು ಅಂತ ನನ್ನ ತಲೆ ತಿನ್ನಬೇಡಿ. ಆಗ ಅವಳನ್ನು ಎಲ್ಲರೂ ಚಿಟ್ಟವ್ವ ಅಂತಿದ್ದರು.

ಬೆಳಗಿನಿಂದ ಸಂಜೆವರೆಗೂ ಚಿಟ್ಟವ್ವನದು ಹಾರಾಟವೇ ಹಾರಾಟ. "ಒಂದು ಗಳಿಗೆ ಕೂತ್ಕೊಳ್ಳೇ, ಏನು ಕಾಲು ಉದುರಿ ಹೋಗ್ತವಾ?" ಅಂತ ಕಪ್ಪೆ ರೇಗಿಸುತ್ತಿತ್ತು. "ಕೂತು ಕೂತು ನೀನು ಹೇಗಾಗಿದ್ದೀಯ ನೋಡ್ಕೋ" ಅಂತ ಚಿಟ್ಟವ್ವ ಹಾರಿಯೇ ಹೋಗುತ್ತಿದ್ದಳು.

ಅದೇ ಹೊಳೆಯ ದಂಡೆಯಲ್ಲಿ ಈರಾಜಮ್ಮನ ಮನೆ. ಅಡುಗೆ ಅಂದರೆ ಅವಳದು. ಅವಳು ತೊಳಸಿದ ರಾಗಿಮುದ್ದೆ ಬೆಣ್ಣೆಯ ಹಾಗೆ ಗಂಟಲಲ್ಲಿ ಇಳಿಯುತ್ತಿತ್ತು. ಮೀನು ಸಾರು ಮಾಡಿದ ದಿನವಂತೂ ಗಾಳಿಯೂ ಅವಳ ಅಡುಗೆಮನೆ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ. ಅವಳದು ಒಂದೇ ಹಟ. ತಂಗಳನ್ನು ಯಾರಿಗೂ ಬಡಿಸಬಾರದು. ಮನೆಯವರಿಗಾಗಲಿ, ದಾರಿಹೋಕರಿಗಾಗಲಿ, ನಾಯಿಗಾಗಲಿ, ಬಿಸಿಬಿಸಿಯದ್ದನ್ನೇ ಇಡಬೇಕು.

ಗಂಡ ಜವರಯ್ಯನಿಗೆ ಗಾಳದ ಹುಚ್ಚು. ಹೊಟ್ಟೆಪಾಡಿಗೆ ಹೊಲ ಇತ್ತು, ಗಾಳ ಬರೀ ಖುಷಿಗೆ. ಬಿದಿರಿನ ಕೋಲು, ಕತ್ತಾಳೆ ನಾರು ಹೊಸೆದ ದಾರ, ಮೂಳೆ ಮಸೆದು ಮಾಡಿದ ಗಾಳ. ಕೋಲಿಗೆ ಎಣ್ಣೆ ಸವರುವುದೇನು, ನೆರಳಲ್ಲಿ ಒಣಗಿಸುವುದೇನು! "ಮಗಳ ತಲೆಗೂ ಇಷ್ಟು ಎಣ್ಣೆ ಹಚ್ಚಿಲ್ಲ ಈ ಮನುಷ್ಯ" ಅಂತ ಈರಾಜಮ್ಮ ಮೂದಲಿಸುತ್ತಿದ್ದಳು. ಮೀನು ಸಿಕ್ಕಿದರೆ ಸಿಕ್ಕಿತು, ಸಿಗದಿದ್ದರೆ "ಹೊಳೆ ನೋಡ್ಕೊಂಡು ಬಂದೆ ಕಣೇ" ಅಂತ ಬರಿಗೈ ಬೀಸಿಕೊಂಡು ಬರುತ್ತಿದ್ದ.

ಆದರೆ ಅವತ್ತು ಮೀನು ಸಿಗಲೇಬೇಕಿತ್ತು.

ಮಗಳು ಹೊಂಬಾಳಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ದಿನ ತುಂಬಿತ್ತು. ಮೂರು ದಿನದಿಂದ ಅವಳ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಗಂಜಿ ಕೊಟ್ಟರೆ ವಾಂತಿ, ಹಾಲು ಕೊಟ್ಟರೆ ವಾಂತಿ. ಮುಖ ಬಿಳಿಚಿಕೊಂಡು, ಕಣ್ಣು ಗುಳಿ ಬಿದ್ದು, ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದಳು.

ಸೂಲಗಿತ್ತಿ ತಿಬ್ಬಜ್ಜಿ ಬಂದು ಹೊಟ್ಟೆ ಮುಟ್ಟಿ ನೋಡಿದಳು. ಈರಾಜಮ್ಮನನ್ನು ಹಿತ್ತಲಿಗೆ ಕರೆದು ಮೆಲ್ಲಗೆ ಹೇಳಿದಳು:

"ಈರಾಜಿ, ಬೆಳಗಾಗೋದ್ರೊಳಗೆ ನೋವು ಬರುತ್ತೆ ಕಣವ್ವ. ಇವಳ ಮೈಯಲ್ಲಿ ಒಂದು ಹಿಡಿ ಶಕ್ತಿ ಇಲ್ಲ. ಹೊತ್ತು ಮುಳುಗೋ ಹೊತ್ತಿಗೆ ನಾಲ್ಕು ತುತ್ತು ಒಳಗೆ ಹೋಗದಿದ್ರೆ, ಕೂಸಿಗೂ ಕಷ್ಟ, ಇವಳಿಗೂ ಕಷ್ಟ."

ಈರಾಜಮ್ಮನ ಎದೆ ಡವಡವ ಅಂತು. ಓಡಿ ಒಳಗೆ ಬಂದು ಮಗಳ ತಲೆ ಸವರಿದಳು. "ಏನು ಬೇಕು ಹೇಳು ಮಗಾ, ಏನಾದ್ರೂ ಸರಿ."

ಹೊಂಬಾಳಿ ಗೋಡೆ ಕಡೆಯಿಂದ ಈಚೆ ತಿರುಗಿದಳು. "ಅವ್ವ, ನಿನ್ನ ಕೈಯ ಮೀನ್ಸಾರು ಇದ್ರೆ ತಿಂತೀನಿ ಅನ್ಸುತ್ತೆ."

ಅಷ್ಟೇ ಸಾಕಾಯಿತು. ಜವರಯ್ಯ ಅಟ್ಟದಿಂದ ಕೋಲು ಇಳಿಸಿದ. ಬೇಸಿಗೆಯಾದ್ದರಿಂದ ಎರೆಹುಳಗಳೆಲ್ಲ ಮಣ್ಣಿನಾಳಕ್ಕೆ ಇಳಿದು ಹೋಗಿದ್ದವು. ಅದಕ್ಕೆ ಅವನು ರಾತ್ರಿಯ ತಂಗಳು ಮುದ್ದೆಗೆ ಹತ್ತಿ ಸೇರಿಸಿ ನಾದಿ ನಾದಿ ಗೋಲಿಯಷ್ಟು ಗಟ್ಟಿ ಉಂಡೆ ಕಟ್ಟುತ್ತಾ ಕೂತ. ಬೇಸಿಗೆಯಲ್ಲಿ ಗಾಳಕ್ಕೆ ಸಿಕ್ಕಿಸಲು ಅವನ ಎರೆ ಯಾವಾಗಲೂ ಅದೇ.

ಈರಾಜಮ್ಮ ನೋಡಿದಳು. ಅವಳಿಗೆ ಹೊಟ್ಟೆ ಉರಿದುಹೋಯಿತು.

"ಏನೂಂದ್ರೆ, ಮಗಳ ಪ್ರಾಣ ಹೋಗ್ತಾ ಇರೋವಾಗ ಮೀನಿಗೆ ಹಳಸಿದ್ದು ಹಾಕ್ತೀರಾ? ಈ ಕಲ್ಲುಂಡೆ ನೀವೇ ತಿಂತೀರಾ? ನೀವೇ ತಿನ್ನದ್ದನ್ನು ಅದ್ಯಾಕೆ ತಿನ್ನುತ್ತೆ?"

"ಲೇ, ಗಾಳಕ್ಕೆ ಗಟ್ಟಿ ಇದ್ರೇನೇ…"

"ಸುಮ್ಮನಿರಿ ನೀವು!"

ಉಂಡೆಗಳನ್ನು ಕಿತ್ತು ತಿಪ್ಪೆಗೆ ಎಸೆದಳು. ಒಲೆ ಹೊತ್ತಿಸಿ ಹೊಸ ಮುದ್ದೆ ತೊಳಸಿದಳು. ತುಪ್ಪ ಹಾಕಿದಳು. ಹೂವಿನಂಥ ಮುದ್ದೆಯನ್ನು ಬಾಳೆಲೆಯಲ್ಲಿ ಕಟ್ಟಿ ಗಂಡನ ಕೈಗಿಟ್ಟು ಓಡಿಸಿದಳು. ಆ ಮನೆಯಲ್ಲಿ ಅಡುಗೆ ವಿಷಯಕ್ಕೆ ಯಾರೂ ಎರಡನೇ ಮಾತಾಡುತ್ತಿರಲಿಲ್ಲ.

ಆಮೇಲೆ ಅವಳು ಕೊತ್ತಂಬರಿ ಹುರಿದಳು, ಈರುಳ್ಳಿ ಸುಟ್ಟಳು, ಕಾಯಿ ತುರಿದಳು, ಹುಣಸೆ ನೆನೆಸಿದಳು. ಬಾಗಿಲಿಗೆ ಬಂದು ನೋಡಿದಳು. ಗಂಡ ಬರಲಿಲ್ಲ. ಮಸಾಲೆ ಅರೆದಳು. ಬಾಗಿಲಿಗೆ ಬಂದು ನೋಡಿದಳು. ಗಂಡ ಬರಲಿಲ್ಲ. ಒಲೆ ಮೇಲೆ ಮಡಕೆ ಇಟ್ಟು ಸಾರು ಕುದಿಸಿದಳು, ಆರಿಸಿದಳು, ಮತ್ತೆ ಕುದಿಸಿದಳು. ಸಾರು ಬತ್ತಿತು, ನೀರು ಹಾಕಿದಳು. ಬಾಗಿಲಿಗೆ ಬಂದು ನೋಡಿದಳು. ನೆತ್ತಿ ಮೇಲಿದ್ದ ಸೂರ್ಯ ಆಗಲೇ ಪಡುವಣಕ್ಕೆ ವಾಲಿದ್ದ.

ಒಳಗಿನಿಂದ ಹೊಂಬಾಳಿ ಒಮ್ಮೆ ನರಳಿದಳು. ಈರಾಜಮ್ಮನಿಗೆ ತಡೆಯಲಾಗಲಿಲ್ಲ. "ಅಜ್ಜಿ, ಇವಳ ಹತ್ತಿರ ಇರು" ಅಂದವಳೇ ಹೊಳೆಗೆ ಓಡಿದಳು.

ಜವರಯ್ಯ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದ. ಗಾಳ ಎತ್ತಿದರೆ ಖಾಲಿ. ಮುದ್ದೆ ಸಿಕ್ಕಿಸಿ ಬಿಟ್ಟರೆ ಮತ್ತೆ ಖಾಲಿ.

"ಒಂದೂ ಇಲ್ವಾ?" ಅಂದಳು.

"ಒಂದೂ ಇಲ್ಲ ಕಣೇ."

ಆಗ ಹೊಳೆ ಬಾಯಿ ಬಿಟ್ಟಿತು. "ಈರಾಜಮ್ಮ, ಬೇಜಾರು ಮಾಡ್ಕೋಬೇಡ ತಾಯಿ. ನಿನ್ನ ಮುದ್ದೆ ನೀರು ಮುಟ್ಟಿದ ಕೂಡಲೇ ಕರಗಿಹೋಗ್ತಿದೆ. ಗಾಳ ಕಚ್ಚೋ ಕೆಲಸವೇ ಇಲ್ಲ. ಬೆಳಗಿನಿಂದ ಗೆಂಡೆ ಮೀನೆಲ್ಲ ಸಾಲಾಗಿ ಕೂತು ಉಂಡು, ಈಗ ತೇಗ್ತಾ ಇವೆ. ಎಂಥಾ ಮುದ್ದೆ, ಎಂಥಾ ಮುದ್ದೆ ಅಂತ ನಿನ್ನನ್ನೇ ಹೊಗಳ್ತಾ ಇವೆ."

ಈರಾಜಮ್ಮ ಅಲ್ಲೇ ಕುಸಿದಳು. ಹೊಗಳಿಕೆ ಯಾರಿಗೆ ಬೇಕಾಗಿತ್ತು? "ಅಯ್ಯೋ, ನನ್ನ ಕೈಯಾರೆ ನಾನೇ ಮಗಳ ಬಾಯಿಗೆ ಮಣ್ಣು ಹಾಕಿದೆನಲ್ಲಾ" ಅಂತ ತಲೆ ಚಚ್ಚಿಕೊಂಡು ಅತ್ತಳು. ಜವರಯ್ಯ "ನಾನು ಆಗಲೇ ಹೇಳಿರಲಿಲ್ವಾ" ಅನ್ನಬಹುದಿತ್ತು. ಅನ್ನಲಿಲ್ಲ, ಒಳ್ಳೆಯ ಮನುಷ್ಯ. ಎಲೆಯಲ್ಲಿ ಮಿಕ್ಕಿದ್ದ ಮುದ್ದೆ ತೋರಿಸಿದ. ಒಂದೇ ಒಂದು ಉಂಡೆಗೆ ಆಗುವಷ್ಟಿತ್ತು.

ಸೂರ್ಯ ಆಳೆತ್ತರಕ್ಕೆ ಇಳಿದಿದ್ದ.

ಈರಾಜಮ್ಮ ಕಣ್ಣೊರೆಸಿಕೊಂಡಳು. ದಂಡೆಯ ಬೂರುಗದ ಮರದಿಂದ ಒಂದು ಹಿಡಿ ಹತ್ತಿ ಕಿತ್ತಳು. ತನ್ನ ಹೂವಿನಂಥ ಮುದ್ದೆಗೆ ಅದನ್ನು ಸೇರಿಸಿ ಹಿಸುಕಿದಳು, ನಾದಿದಳು, ಮತ್ತೆ ಹಿಸುಕಿದಳು. ಹುಟ್ಟಿದಾಗಿನಿಂದ ಅವಳು ಬೇಕೆಂದೇ ಕೆಡಿಸಿದ ಅಡುಗೆ ಅದೊಂದೇ. ಕಲ್ಲಿನಂಥ ಉಂಡೆಯಾಯಿತು. ಜವರಯ್ಯ ಗಾಳಕ್ಕೆ ಸಿಕ್ಕಿಸಿ ನೀರಿಗೆ ಬಿಟ್ಟ.

"ಒಂದು ಮಾತು" ಅಂತು ಹೊಳೆ. "ಮೀನಿಗೆಲ್ಲ ಹೊಟ್ಟೆ ತುಂಬಿದೆ. ಗಬಕ್ಕನೆ ನುಂಗಲ್ಲ. ಬಾಯಿ ಚಪಲಕ್ಕೆ ಒಂದು ಸಲ ಮೂತಿ ತಾಗಿಸಿ ನೋಡುತ್ತೆ. ಆ ಗಳಿಗೆಯಲ್ಲೇ ಎಳೀಬೇಕು. ತಪ್ಪಿದರೆ ಮತ್ತೆ ಬರಲ್ಲ."

ಅಷ್ಟು ಸಣ್ಣ ತಾಗು ಗೊತ್ತಾಗುವುದು ಹೇಗೆ? ಗಾಳಿಗೆ ಕೋಲಿನ ತುದಿ ತೊನೆಯುತ್ತಿತ್ತು.

ಈರಾಜಮ್ಮ ಗಾಳಿಗೆ ಕೈ ಮುಗಿದಳು. "ಗಾಳಿಯಣ್ಣ, ಎಷ್ಟು ದಿನ ನನ್ನ ಕಿಟಕಿಯಲ್ಲಿ ನಿಂತು ಸಾರಿನ ವಾಸನೆ ಕುಡಿದಿಲ್ಲ ನೀನು? ಇವತ್ತೊಂದು ಗಳಿಗೆ ಸುಮ್ಮನಿರಪ್ಪ."

"ಉಸಿರು ಬಿಗಿ ಹಿಡೀತೀನಿ ತಂಗಿ. ಬಹಳ ಹೊತ್ತು ಆಗಲ್ಲ" ಅಂತು ಗಾಳಿ. ಒಂದು ಎಲೆಯೂ ಅಲ್ಲಾಡಲಿಲ್ಲ.

ಇನ್ನು ಕೋಲಿನ ತುದಿಯಲ್ಲೇ ಕೂತು ಆ ತಾಗನ್ನು ಹೇಳುವವರು ಬೇಕಿತ್ತು. ಗುಬ್ಬಿ ಕೂತರೆ ಕೋಲು ಬಾಗುತ್ತದೆ. ಇರುವೆ ತುದಿ ಮುಟ್ಟುವಷ್ಟರಲ್ಲಿ ಕತ್ತಲಾಗುತ್ತದೆ. ಈರಾಜಮ್ಮ ತಲೆ ಎತ್ತಿ ನೋಡಿದಳು. ಚಿಟ್ಟವ್ವ ಹಾರಿಕೊಂಡು ಹೋಗುತ್ತಿದ್ದಳು.

"ಚಿಟ್ಟವ್ವ, ನಿನ್ನ ದಮ್ಮಯ್ಯ ಅಂತೀನಿ, ಈ ತುದಿ ಮೇಲೆ ಕೂತ್ಕೊ! ತುದಿ ಚೂರು ಅಲುಗಿದ್ರೂ ಎದ್ದು ತೋರಿಸು."

"ನಾನಾ? ಕೂರೋದಾ? ನನಗೆ ಗೊತ್ತೇ ಇಲ್ವಲ್ಲ ಈರಾಜಕ್ಕ! ಕೂತರೆ ಎದೆ ಹೊಡ್ಕೊಳ್ಳುತ್ತೆ."

"ನನ್ನದೂ ಬೆಳಗಿನಿಂದ ಹೊಡ್ಕೊಳ್ತಾ ಇದೆ. ಮನೇಲಿ ನನ್ನ ಮಗಳು ಒಣಗಿ ಹೋಗ್ತಿದ್ದಾಳೆ. ಅವಳ ಹೊಟ್ಟೆಯಲ್ಲೊಂದು ಕೂಸಿದೆ ಕಣೇ."

ಚಿಟ್ಟವ್ವ ಗಾಳಿಯಲ್ಲೇ ನಿಂತಳು. ಅವಳ ಅಷ್ಟು ದೊಡ್ಡ ಕಣ್ಣಲ್ಲೆಲ್ಲ ಈರಾಜಮ್ಮನ ಅತ್ತ ಮುಖವೇ ಕಾಣುತ್ತಿತ್ತು.

"ಎಷ್ಟು ಹೊತ್ತು ಕೂರಲಿ?"

"ನಾನು ಬಾಯಿಬಿಟ್ಟು 'ಸಾಕು, ಎದ್ದೇಳು' ಅನ್ನೋವರೆಗೂ."

ಚಿಟ್ಟವ್ವ ಇಳಿದಳು. ಆರು ಕಾಲಲ್ಲಿ ತುದಿಯನ್ನು ಬಿಗಿಯಾಗಿ ತಬ್ಬಿದಳು. ರೆಕ್ಕೆ ಮಡಿಸಲು ಹೆದರಿ ಹಾಗೇ ಬಿಚ್ಚಿಟ್ಟುಕೊಂಡಳು.

ಎಲ್ಲರೂ ಕಾದರು. ಹೊಳೆ ಸದ್ದಿಲ್ಲದೆ ಹರಿಯಿತು. ಗಾಳಿ ಕೆನ್ನೆ ಉಬ್ಬಿಸಿಕೊಂಡು ನಿಂತಿತ್ತು. ಸೂರ್ಯನ ಅಂಚು ಆಚೆ ದಡದ ಹುಲ್ಲಿಗೆ ತಾಗಿತು. ಈರಾಜಮ್ಮ ಸೆರಗಿನ ತುದಿ ಕಚ್ಚಿ ಹಿಡಿದಿದ್ದಳು. ಮನೆ ಕಡೆಯಿಂದ ಏನಾದರೂ ಕೂಗು ಬರುತ್ತದೋ ಅಂತ ಒಂದು ಕಿವಿ ಅಲ್ಲೇ ಇತ್ತು. ಸೂರ್ಯ ಅರ್ಧ ಮುಳುಗಿದ. "ನನ್ನ ಕೈಲಿ ಆಗಲ್ಲ ತಂಗಿ" ಅಂತ ಗಾಳಿ ಮೂಗಿನಲ್ಲೇ ಗೊಣಗಿತು. "ಇನ್ನೊಂದು ಚೂರಣ್ಣ, ಒಂದೇ ಚೂರು" ಅಂದಳು ಈರಾಜಮ್ಮ.

ಚಿಟ್ಟವ್ವ ಚಂಗನೆ ಎದ್ದಳು.

"ಎಳೀರಿ!" ಅಂತ ಈರಾಜಮ್ಮ ಕಿರುಚಿದಳು. ಜವರಯ್ಯ ಎಳೆದ. ಮೊಳದುದ್ದದ ಗೆಂಡೆ ದಂಡೆಯ ಮೇಲೆ ಪಟಪಟ ಬಡಿದುಕೊಂಡಿತು. ಗಾಳಿ ಹೋ ಅಂತ ಉಸಿರು ಬಿಟ್ಟ ರಭಸಕ್ಕೆ ಜವರಯ್ಯನ ತಲೆಗೆ ಸುತ್ತಿದ್ದ ಬಟ್ಟೆ ಹಾರಿಹೋಯಿತು. ಗಾಳ ಬಿಡಿಸಿದ್ದೇ ತಡ, ಈರಾಜಮ್ಮ ಮೀನನ್ನು ಸೆರಗಿಗೆ ಸುತ್ತಿಕೊಂಡು ಒಂದೇ ಉಸಿರಿಗೆ ಓಡಿದಳು. ಜವರಯ್ಯ ಕೋಲನ್ನು ಕೆಸರಿಗೆ ಚುಚ್ಚಿ ಹಿಂದೆಯೇ ಓಡಿದ.

ಚಿಟ್ಟವ್ವ ಸುತ್ತ ಒಮ್ಮೆ ಹಾರಿದಳು. ಸಾಕು ಅಂತ ಯಾರೂ ಅನ್ನಲಿಲ್ಲ. ಮತ್ತೆ ಬಂದು ಅದೇ ತುದಿಯಲ್ಲಿ ಕೂತಳು.

ಮನೆಯಲ್ಲಿ ಸಾರು ಕುದಿಯುತ್ತಲೇ ಇತ್ತು. ತೊಳೆದ ಮೀನಿನ ತುಂಡುಗಳು ಅದಕ್ಕೆ ಬಿದ್ದವು. ಈರಾಜಮ್ಮ ಮುಳ್ಳು ಬಿಡಿಸಿ, ಸಾರಿನಲ್ಲಿ ಅದ್ದಿ, ಮೊದಲ ತುತ್ತನ್ನು ಮಗಳ ಬಾಯಿಗಿಟ್ಟಳು. ಎಲ್ಲರೂ ಉಸಿರು ಹಿಡಿದು ನೋಡಿದರು. ತುತ್ತು ಒಳಗೆ ಹೋಯಿತು. ಒಳಗೇ ನಿಂತಿತು.

"ಇನ್ನೊಂದು ಕೊಡವ್ವ" ಅಂದಳು ಹೊಂಬಾಳಿ. ಈರಾಜಮ್ಮ ಅಳುತ್ತಲೇ ಇನ್ನೊಂದು ಕೊಟ್ಟಳು.

ಕೋಳಿ ಕೂಗುವ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ಊರಿಗೆಲ್ಲ ಕೇಳುವ ಹಾಗೆ ಅತ್ತಿತು. ತಿಬ್ಬಜ್ಜಿ ಬೆವರು ಒರೆಸಿಕೊಂಡು, "ನಾಲ್ಕು ತುತ್ತು ಉಳಿಸ್ತು ನೋಡು ಎರಡು ಜೀವಾನ" ಅಂದಳು.

ಬಾಣಂತಿ ಮನೆ ಅಂದರೆ ಗೊತ್ತಲ್ಲ. ಕೂಸಿಗೆ ಎಣ್ಣೆ ನೀರು, ಬಾಣಂತಿಗೆ ಪಥ್ಯ, ಬಂದವರಿಗೆ ಊಟ. ಆ ಊರಲ್ಲಿ ಈರಾಜಮ್ಮ ಯಾರಿಗೂ ಒಂದು ತುತ್ತು ಮರೆತವಳಲ್ಲ. ಆದರೆ ಒಂದು ಮಾತು ಮರೆತಳು. ಆ ದಿನ ಮರೆತಳು, ಮಾರನೇ ದಿನ ಮರೆತಳು, ಆಮೇಲೆ ನೆನಪೇ ಆಗಲಿಲ್ಲ.

ಚಿಟ್ಟವ್ವ ಕಾದಳು. ಕೂಸು ಏನಾಯ್ತೋ ಅನ್ನೋ ಚಿಂತೆ ಅವಳಿಗೆ. ಹೊಳೆಯನ್ನಾದರೂ ಕೇಳೋಣ ಅಂತ ಎದ್ದು ಹೋಗಿ ನೀರಿಗೆ ಬಾಲ ತಾಗಿಸಿದಳು. ಆದರೆ ಅವತ್ತು ಅಲ್ಲಿದ್ದ ನೀರು ಆಗಲೇ ಸಮುದ್ರದ ದಾರಿ ಹಿಡಿದಿತ್ತು. ಹೊಸದಾಗಿ ಬಂದ ನೀರಿಗೆ ಆ ಸುದ್ದಿ ಗೊತ್ತೇ ಇರಲಿಲ್ಲ. ತಾನು ಹೋದ ಮೇಲೆ ಈರಾಜಕ್ಕ ಬಂದುಬಿಟ್ಟರೆ ಅಂತ ಹೆದರಿ ಓಡೋಡಿ ಬಂದು ಮತ್ತೆ ಕೂತಳು. ತನ್ನ ಮಕ್ಕಳಿಗೂ ಹಾಗೇ ಹೇಳಿಕೊಟ್ಟಳು.

ನೀವೇನಾದರೂ ಹೋಗಿ, "ಕೂಸು ಹುಟ್ಟಿತು, ಇಬ್ಬರೂ ಚೆನ್ನಾಗಿದ್ದಾರೆ, ಸಾಕು ಎದ್ದೇಳು" ಅಂತ ಹೇಳಿ ನೋಡಿ. ಏಳುವುದಿಲ್ಲ. ಆ ಮಾತು ಈರಾಜಮ್ಮನ ಬಾಯಿಂದಲೇ ಬರಬೇಕು.

ಅದಕ್ಕೇ ಇವತ್ತಿಗೂ ಹೊಳೆದಂಡೆಯಲ್ಲಿ ಯಾರಾದರೂ ಗಾಳ ಬಿಟ್ಟು ಕೂತರೆ, ಏರೋಪ್ಲೇನ್ ಚಿಟ್ಟೆ ಬಂದು ಕೋಲಿನ ತುದಿಯಲ್ಲಿ ರೆಕ್ಕೆ ಬಿಚ್ಚಿಕೊಂಡೇ ಕೂರುತ್ತದೆ, ಚೂರು ಅಲುಗಿದರೂ ಎದ್ದು ನೀರಿಗೆ ಬಾಲ ತಾಗಿಸಿ "ಹೆರಿಗೆ ಆಯ್ತಾ?" ಅಂತ ಕೇಳುತ್ತದೆ, ಉತ್ತರ ಸಿಗದೆ ಮತ್ತೆ ಅದೇ ತುದಿಗೆ ಬಂದು ಕೂರುತ್ತದೆ.