ಗೊಂಬೆಯ ಎರಡು ಕಣ್ಣು

ಮರದ ಗೊಂಬೆ ಮಾಡುವ ದ್ಯಾಮವ್ವನ ಬುಟ್ಟಿಯಲ್ಲಿ ಕರಿ ಉಣ್ಣೆಯ ಉಂಡೆಯೊಂದು, ಬಿಳಿ ಉಣ್ಣೆಯ ಉಂಡೆಯೊಂದು ಇದ್ದವು. ಹೊಸ ಗೊಂಬೆಗೆ ಕಣ್ಣು ಬರೆಯಲು ಕಪ್ಪು ಬಣ್ಣ ಬೇಕಾಯಿತು. ದ್ಯಾಮವ್ವ ಬಿಳಿ ಉಣ್ಣೆಯನ್ನು ಕುಡಿಕೆಗೆ ಹಾಕಿ, ಮುಚ್ಚಳಕ್ಕೆ ಮಣ್ಣು ಮೆತ್ತಿ, ಕೆಂಡದ ಮೇಲಿಟ್ಟಳು.

ಕರಿ ಉಣ್ಣೆಗೆ ಮೈಯೆಲ್ಲ ಉರಿಯಿತು. “ಹುಟ್ಟಿನಿಂದಲೇ ಕಪ್ಪಾದ ನಾನಿಲ್ಲಿರುವಾಗ ಅದನ್ನು ಹುರಿಯುವುದೇಕೆ?” ಎನ್ನುತ್ತ ಬುಟ್ಟಿಯಿಂದ ಜಿಗಿದು ಗೊಂಬೆಯ ಮುಖಕ್ಕೆ ಮೈ ಉಜ್ಜತೊಡಗಿತು.

ಗೊಂಬೆ ಕಿಲಕಿಲ ನಕ್ಕಿತು. “ಅಣ್ಣಾ, ಕಚಗುಳಿ ಬಂತು, ಕಣ್ಣು ಬರಲಿಲ್ಲ!”

“ನಿನ್ನ ಕಪ್ಪು ನಿನ್ನ ಮೈ ಬಿಟ್ಟು ಬರಂಗಿಲ್ಲೋ ತಮ್ಮಾ” ಎಂದು ದ್ಯಾಮವ್ವನೂ ನಕ್ಕಳು.

ಕುಡಿಕೆ ಆರಿದ ಮೇಲೆ ತೆಗೆದು ನೋಡಿದರೆ, ಬಿಳಿ ಉಣ್ಣೆ ಕಾಡಿಗೆಯಂತೆ ಕಪ್ಪಾಗಿ, ಮುಟ್ಟಿದರೆ ಪುಡಿಯಾಗುವಂತಿತ್ತು. ಅದನ್ನು ನುಣ್ಣಗೆ ಅರೆದು ಅಂಟುನೀರಿನಲ್ಲಿ ಕಲಸಿದಳು. ಬಣ್ಣ ಒಂದೇ ಕಣ್ಣಿಗೆ ಸಾಕಾಯಿತು.

ಗೊಂಬೆ ಆ ಒಂದು ಕಣ್ಣಿನಿಂದ ಕರಿ ಉಣ್ಣೆಯನ್ನು ನೋಡಿತು. “ಅಣ್ಣಾ, ಎಷ್ಟು ಚೆಂದ ಕಪ್ಪಗಿದ್ದೀಯೆ! ಇನ್ನೊಂದು ಕಣ್ಣಿಗೆ ಒಂದಿಷ್ಟು ಕೊಡುತ್ತೀಯಾ?”

ಕರಿ ಉಣ್ಣೆ ಕೆಂಡ ನೋಡಿತು, ಗೊಂಬೆಯ ಮುಖ ನೋಡಿತು. ಅದರ ಬಳಿ ಯಾರೂ ಎಂದೂ ಏನನ್ನೂ ಬೇಡಿರಲಿಲ್ಲ.

“ಅವ್ವಾ, ಮುಚ್ಚಳ ಬಿಗಿಯಾಗಿ ಹಾಕು. ನಾನು ಎಷ್ಟು ಕಿರುಚಿದರೂ ತೆಗೆಯಬೇಡ” ಎಂದು ಕುಡಿಕೆಯೊಳಗೆ ಇಳಿಯಿತು.

ಸಂಜೆಗೆ ಗೊಂಬೆ ಎರಡು ಕಣ್ಣು ಬಿಟ್ಟು ಊರೆಲ್ಲ ನೋಡುತ್ತ ಕೂತಿತ್ತು. ಬಿಳಿ ಉಣ್ಣೆಯ ಕಣ್ಣು ಯಾವುದು, ಕರಿ ಉಣ್ಣೆಯ ಕಣ್ಣು ಯಾವುದು ಎಂದು ದ್ಯಾಮವ್ವನಿಗೇ ಹೇಳಲಾಗಲಿಲ್ಲ.